ಬಿಸಿಲುನಾಡಿನಲ್ಲಿ ರಜೆಯ ಕೊನೆಯ ದಿನ

ರಜೆ ಯಾವಾಗ ಆರಂಭವಾಯಿತೆಂದು ಕೇಳಿದರೆ ಒಂದೇ ಮನೆಯ ನಾಲ್ವರು ನಾಲ್ಕು ಉತ್ತರ ಹೇಳುತ್ತಾರೆ. ಮಗನಿಗೆ ಅದು ಕೊನೆಯ ಪರೀಕ್ಷೆಯ ಗಂಟೆ ಬಾರಿಸಿದ ಕ್ಷಣ. ಮಗಳಿಗೆ ಪೆಟ್ಟಿಗೆಯಲ್ಲಿ ಹೊಸ ಲಂಗ ಮಡಿಸಿಟ್ಟ ರಾತ್ರಿ. ತಾಯಿಗೆ, ರೈಲು ಚಲಿಸತೊಡಗಿ, ಮರೆತುಬಂದುದನ್ನು ಇನ್ನು ನೆನೆದು ಫಲವಿಲ್ಲವೆಂದು ನಿಶ್ಚಯವಾದ ಗಳಿಗೆ. ತಂದೆಗಂತೂ, ಪಾಪ, ಅದು ಆರಂಭವೇ ಆಗಿರುವುದಿಲ್ಲ. ಕಚೇರಿಯು ಟೆಲಿಫೋನಿನ ರೂಪ ತಾಳಿ ಅವನ ಜೇಬಿನಲ್ಲಿಯೇ ಊರಿಗೆ ಬಂದಿರುತ್ತದೆ. ಆದರೆ ರಜೆಯ ಕೊನೆಯ ದಿನ ಯಾವುದೆಂಬ ವಿಷಯದಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಅದು ಟಿಕೆಟ್ಟಿನ ಮೇಲೆ ಅಚ್ಚಾಗಿರುತ್ತದೆ.

ಮಡಿಕೇರಿಯ ತಂಪಿನಿಂದಲೋ ಕಾರವಾರದ ಕಡಲ ತೀರದಿಂದಲೋ ಹಿಂದಿರುಗುವವರ ಮುಖ ಬಾಡಿದ್ದರೆ ಜಗತ್ತು ಅದನ್ನು ಒಪ್ಪಿಕೊಳ್ಳುತ್ತದೆ. ಮೇ ತಿಂಗಳ ಕೊನೆಯಲ್ಲಿ ಆಳಂದದಿಂದಲೋ ಅಫಜಲಪುರದಿಂದಲೋ ಜೇವರ್ಗಿಯಿಂದಲೋ ಬೆಂಗಳೂರಿಗೆ ಹೊರಟ ಹುಡುಗ ಬಸ್ಸಿನ ಕಿಟಕಿಗೆ ಮುಖವಿಟ್ಟು ಅತ್ತನೆಂದರೆ ಮಾತ್ರ ನೆರೆಮನೆಯವರು ನಂಬುವುದಿಲ್ಲ. "ಆ ಉರಿಬಿಸಿಲಿನಿಂದ ಬಿಡುಗಡೆಯಾಯಿತಲ್ಲ, ಅಳುವುದೇಕೆ?" ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಮೇ ತಿಂಗಳಲ್ಲಿ ಉಷ್ಣತೆಯು 42, 43 ಡಿಗ್ರಿಗೆ ಏರುವುದು ಆ ಸೀಮೆಯಲ್ಲಿ ಸುದ್ದಿಯೇ ಅಲ್ಲ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರಕಾರಿ ಕಚೇರಿಗಳೇ ಬೆಳಗಿನ ಎಂಟು ಗಂಟೆಗೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಸರಕಾರವೂ ತಲೆಬಾಗುವ ಸೂರ್ಯನಿಗೆ ಸಾಮಾನ್ಯರು ತಲೆಬಾಗುವುದು ಅವಮಾನವಲ್ಲ.

ಕಲಬುರಗಿಯನ್ನು ನಡುವೆ ಇಟ್ಟುಕೊಂಡರೆ ಈ ಮೂರು ಊರುಗಳ ದಿಕ್ಕು ಸುಲಭವಾಗಿ ತಿಳಿಯುತ್ತದೆ. ವಾಯವ್ಯಕ್ಕೆ ಆಳಂದ, ಅದರಾಚೆ ಮಹಾರಾಷ್ಟ್ರದ ಗಡಿ. ಪಶ್ಚಿಮಕ್ಕೆ ಅಫಜಲಪುರ, ಅದರ ಮಗ್ಗುಲಲ್ಲಿ ಭೀಮಾ ನದಿ. ದಕ್ಷಿಣಕ್ಕೆ, ಕಟ್ಟಿಸಂಗಾವಿಯ ಬಳಿ ಅದೇ ಭೀಮೆಯ ಸೇತುವೆಯನ್ನು ದಾಟಿದ ಮೇಲೆ, ಜೇವರ್ಗಿ. 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದು, 1956ರಲ್ಲಿ ಕನ್ನಡ ರಾಜ್ಯಕ್ಕೆ ಸೇರಿದ ಸೀಮೆಯಿದು. 2019ರಿಂದ ಇದಕ್ಕೆ ಕಲ್ಯಾಣ ಕರ್ನಾಟಕವೆಂಬ ಶುಭನಾಮ ಬಂದಿದೆ. ಹೆಸರು ಬದಲಾದರೂ ಊರಿಗೆ ಬರುವವರ ಮತ್ತು ಊರು ಬಿಡುವವರ ದಾರಿ ಮೊದಲಿನದೇ.

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಮಗು ಮೊದಲ ಸಲ ಈ ನೆಲವನ್ನು ಕಂಡು "ಇದು ಮರುಭೂಮಿಯೇ?" ಎಂದು ಕೇಳುವುದು ವಾಡಿಕೆ. ಬಸ್ಸಿನ ಎರಡೂ ಬದಿಗೆ ದಿಗಂತದವರೆಗೆ ಹಸುರಿಲ್ಲದ ಕರಿಯ ನೆಲ, ಅಲ್ಲೊಂದು ಜಾಲಿ, ಇಲ್ಲೊಂದು ಬೇವು, ದೂರದಲ್ಲಿ ನೀರಿನಂತೆ ನಡುಗುವ ಬಿಸಿಲ್ಗುದುರೆ. ಪಠ್ಯಪುಸ್ತಕದ ಚಿತ್ರಕ್ಕೆ ಕೊರತೆಯಿರುವುದು ಒಂಟೆಯದು ಮಾತ್ರ. ತಂದೆಯಾದವನು ಇದಕ್ಕೆ ಲೆಕ್ಕದ ಉತ್ತರ ಕೊಡಬಹುದು. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಪ್ರದೇಶವನ್ನು ಮರುಭೂಮಿಯೆಂದು ಕರೆಯುವುದು ರೂಢಿ. ಕಲಬುರಗಿ ಜಿಲ್ಲೆಗೆ ಸರಾಸರಿ 700 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಂಗಳೂರಿಗೆ ಬೀಳುವುದು 900ರ ಮೇಲೆ ಚಿಲ್ಲರೆ. ಅಂತರ ಅಷ್ಟೇನೂ ದೊಡ್ಡದಲ್ಲ. ಆದರೆ ಇಲ್ಲಿಯ ಮಳೆ ಕೈಬಿಚ್ಚಿ ಕೊಡುವುದು ನಾಲ್ಕು ತಿಂಗಳು ಮಾತ್ರ. ಆ ನಾಲ್ಕು ತಿಂಗಳಲ್ಲಿಯೂ ಒಮ್ಮೊಮ್ಮೆ ಮರೆತುಬಿಡುತ್ತದೆ.

ಅಜ್ಜನ ಉತ್ತರ ಬೇರೆ. ಆ ಸೀಮೆಯಲ್ಲಿ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ, ಅಜ್ಜಿಗೆ ಆಯಿ. ಮುತ್ಯಾ ಮೊಮ್ಮಗನ ತಲೆಯ ಮೇಲೆ ಟವೆಲು ಹೊದಿಸುತ್ತ ಹೇಳುತ್ತಾನೆ: "ಉಸುಕು ಎಲ್ಲದ ತಮ್ಮಾ? ಇದು ಯರಿ ಹೊಲ. ಮರುಭೂಮಿ ಮ್ಯಾಗ ಮಳಿ ಬಂದ್ರೂ ಅಷ್ಟೇ, ಹೋದ್ರೂ ಅಷ್ಟೇ. ಇದು ಹಂಗಲ್ಲ. ಒಂದು ಹದದ ಮಳಿ ಬೀಳ್ಲಿ, ಆಮ್ಯಾಲ ಬಂದು ನೋಡು."

"ಆಮ್ಯಾಲ ಬಂದು ನೋಡು" ಎಂಬ ಈ ಮಾತಿನಲ್ಲಿಯೇ ತೊಡಕಿರುವುದು. ಅದನ್ನು ಮುಂದೆ ನೋಡಬಹುದು.

ಕೊನೆಯ ದಿನದ ಬೆಳಗು ಮಾಳಿಗೆಯ ಮೇಲೆ ಆಗುತ್ತದೆ. ಬೇಸಿಗೆಯಲ್ಲಿ ಆ ಮನೆಗಳ ಒಳಗೆ ಯಾರೂ ಮಲಗುವುದಿಲ್ಲ. ಸಂಜೆಗೆ ಮಾಳಿಗೆಯ ಮೇಲೆ ನೀರು ಚಿಮುಕಿಸಿ, ಹಾಸಿಗೆ ಹಾಸಿ, ತಲೆದೆಸೆಗೆ ಹರವಿಯ ನೀರಿಟ್ಟುಕೊಂಡು ಇಡೀ ಸಂಸಾರವು ನಕ್ಷತ್ರಗಳ ಕೆಳಗೆ ಸಾಲಾಗಿ ಮಲಗುವುದೇ ರೂಢಿ. ಬೆಂಗಳೂರಿನ ಮಕ್ಕಳಿಗೆ ಆಕಾಶದಲ್ಲಿ ಅಷ್ಟೊಂದು ನಕ್ಷತ್ರಗಳಿವೆ ಎಂಬುದು ತಿಳಿಯುವುದು ಇಲ್ಲಿಯೇ. ನಸುಕಿನಲ್ಲಿ ಒಂದಿಷ್ಟು ತಂಗಾಳಿ ಬೀಸಿ, ಕಾಲದೆಸೆಯ ಚಾದರವನ್ನು ಎಳೆದುಕೊಳ್ಳಬೇಕೆನಿಸುವ ಹೊತ್ತಿಗೆ ಕೆಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಬರುತ್ತದೆ. ಬೇರೆ ದಿನಗಳಲ್ಲಿ ಅದು ಬೆಳಗಿನ ಊಟದ ಸದ್ದು. ಆದ್ದರಿಂದ ಕಿವಿಗೆ ಇಂಪು. ಇಂದು ಅದು ಬುತ್ತಿಯ ಸದ್ದು. ಮಲಗಿದ್ದವರಲ್ಲಿ ದೊಡ್ಡವರು ಕಣ್ಣು ತೆರೆದು ಮತ್ತೆ ಮುಚ್ಚುತ್ತಾರೆ.

ಮೂರು ಊರುಗಳಲ್ಲಿಯೂ ಆ ದಿನದ ಆಚರಣೆ ಒಂದೇ ಅಲ್ಲ.

ಆಳಂದದ ಕಡೆಯ ಮನೆಗಳಲ್ಲಿ ಕೊನೆಯ ದಿನವೆಂದರೆ ಬಜಾರದ ದಿನ. ಬೆಳಗಿನ ಬಿಸಿಲು ಏರುವ ಮೊದಲೇ ತಾಯಿ, ಅತ್ತೆ, ಮಗಳು ಚೀಲ ಹಿಡಿದು ಹೊರಡುತ್ತಾರೆ. ಅಂಗಡಿಯ ಒಂದೇ ಕಟ್ಟೆಯ ಮೇಲೆ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಟ್ಟಿಗೆ ಕೇಳುತ್ತವೆ. ದರ ಕೇಳುವುದು ಒಂದರಲ್ಲಿ, ಚೌಕಾಸಿ ಮಾಡುವುದು ಇನ್ನೊಂದರಲ್ಲಿ, ಕೊನೆಗೆ ನಗುವುದು ಮೂರರಲ್ಲಿಯೂ. ಕೊಳ್ಳುವ ಪದಾರ್ಥಗಳಲ್ಲಿ ಅಗ್ರಪೂಜೆ ತೊಗರಿ ಬೇಳೆಗೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಆದರೆ ಆ ಸೀಮೆಯ ಗೃಹಿಣಿಯರು ಅದಕ್ಕೆ ಸರಕಾರದ ಪ್ರಮಾಣಪತ್ರಕ್ಕಾಗಿ ಕಾಯ್ದವರಲ್ಲ. "ಬೆಂಗಳೂರಿನ ಬೇಳೆ ಎಷ್ಟು ಕುದಿಸಿದರೂ ಕರಗದು" ಎಂಬುದು ಅವರು ಎಂದೋ ನೀಡಿದ ತೀರ್ಪು. ಬಜಾರದಿಂದ ಮರಳುವಾಗ ಕೆಲವರು ಲಾಡ್ಲೆ ಮಶಾಯಿಕರ ದರ್ಗಾದ ಬಾಗಿಲಿಗೆ ಹೋಗಿ ಕೈಮುಗಿಯುತ್ತಾರೆ. ಹಾಗೆ ಕೈಮುಗಿಯುವವರು ಯಾವ ಮತದವರೆಂದು ವಿಚಾರಿಸುವ ಪದ್ಧತಿ ಹಿರಿಯರಲ್ಲಿರಲಿಲ್ಲ. ಪ್ರಯಾಣ ಸುಖವಾಗಲಿ ಎಂಬ ಬೇಡಿಕೆಗೆ ಮತಭೇದವೆಲ್ಲಿಯದು?

ಅಫಜಲಪುರದ ಕಡೆಯವರು ಕೊನೆಯ ದಿನ ಗಾಣಗಾಪುರಕ್ಕೆ ಹೋಗದೆ ಹೊರಡುವುದಿಲ್ಲ. ಭೀಮಾ ಮತ್ತು ಅಮರಜಾ ನದಿಗಳು ಕೂಡುವಲ್ಲಿ ಸ್ನಾನ. ಆಮೇಲೆ ದತ್ತಾತ್ರೇಯನ ಮಠದಲ್ಲಿ ನಿರ್ಗುಣ ಪಾದುಕೆಗಳ ದರ್ಶನ. ಅಲ್ಲಿ ಮಧ್ಯಾಹ್ನದ ಹೊತ್ತಿಗೆ ಮಧುಕರಿ ಎಂಬ ಭಿಕ್ಷೆಯ ಪದ್ಧತಿಯುಂಟು. ಭಕ್ತರಾದವರು, ಎಷ್ಟೇ ಸಿರಿವಂತರಾಗಿರಲಿ, ಜೋಳಿಗೆ ಹಿಡಿದು ಮನೆಮನೆಯ ಮುಂದೆ ನಿಂತು ಬೇಡಿ ಉಣ್ಣಬೇಕು. ಬೆಂಗಳೂರಿನಲ್ಲಿ ಕೈತುಂಬ ಸಂಬಳ ಎಣಿಸುವ ಮಗನು ಅಲ್ಲಿ ಬೇಡಲು ನಾಚಿ ಹಿಂದೆ ಸರಿಯುತ್ತಾನೆ. ಅವನ ಎಂಟು ವರ್ಷದ ಮಗಳು ಮುಂದೆ ನಡೆದು ತುಂಡು ರೊಟ್ಟಿ, ಒಂದು ಹಿಡಿ ಅನ್ನ ಪಡೆದು ತಂದು ತಂದೆಯ ಕೈಗೆ ಹಾಕುತ್ತಾಳೆ. ಆ ತುತ್ತಿನ ರುಚಿಯನ್ನು ಅವನು ಕಚೇರಿಯಲ್ಲಿ ಯಾರಿಗೂ ಹೇಳಲಾರ.

ಅದೇ ಸಂಗಮದಲ್ಲಿ ನಿಂತಾಗ ಮಕ್ಕಳು ಕೇಳುವ ಇನ್ನೊಂದು ಪ್ರಶ್ನೆಗೆ ದೊಡ್ಡವರಲ್ಲಿ ಉತ್ತರ ಕಡಿಮೆ. "ಇಷ್ಟೇ ನೀರೇ?" ಭೀಮೆ ಚಿಕ್ಕ ಹೊಳೆಯಲ್ಲ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, 861 ಕಿಲೋಮೀಟರು ಹರಿದು ಕೃಷ್ಣೆಯನ್ನು ಕೂಡುವ ನದಿಯದು. ಆದರೆ ಮಹಾರಾಷ್ಟ್ರದ ಉಜನಿ ಅಣೆಕಟ್ಟು 1980ರಲ್ಲಿ ಪೂರ್ಣಗೊಂಡ ಮೇಲೆ, ಬೇಸಿಗೆಯಲ್ಲಿ ಈ ಕಡೆಗೆ ಎಷ್ಟು ನೀರು ಎಂಬುದು ಪ್ರಕೃತಿಯೊಂದೇ ನಿರ್ಣಯಿಸುವ ವಿಷಯವಾಗಿ ಉಳಿದಿಲ್ಲ. ಅಫಜಲಪುರ ತಾಲ್ಲೂಕಿನ ಸೊನ್ನದ ಬಳಿ ಬ್ಯಾರೇಜು ಇದೆ. ಮೇಲಿನಿಂದ ಬಾರದಿದ್ದರೆ ಅದು ಹಿಡಿದಿಡುವುದಾದರೂ ಏನನ್ನು? 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಮರುವರ್ಷದ ಬೇಸಿಗೆಯಲ್ಲಿ ಭೀಮೆಗೆ ನೀರು ಬಿಡಿಸಬೇಕೆಂದು ಅಫಜಲಪುರದಲ್ಲಿ ಚಳವಳಿಯೇ ನಡೆಯಿತು. ಇದೇ ಭೀಮೆ 2020ರ ಅಕ್ಟೋಬರಿನಲ್ಲಿ ಉಕ್ಕಿ ಹರಿದು ದಂಡೆಯ ಊರುಗಳಿಗೆ ನುಗ್ಗಿ, ಜನರನ್ನು ಮನೆ ಬಿಡಿಸಿ ಕಾಳಜಿ ಕೇಂದ್ರಗಳಲ್ಲಿ ಕೂರಿಸಿತ್ತು. ಬೇಸಿಗೆಯ ರಜೆಗೆ ಮಾತ್ರ ಬರುವವರು ಭೀಮೆಯ ಒಂದೇ ಮುಖವನ್ನು ಕಂಡವರು. ಊರಿನಲ್ಲಿಯೇ ಉಳಿದವರು ಎರಡನ್ನೂ ಕಾಣಬೇಕು.

ಇನ್ನು ಜೇವರ್ಗಿ. ಹದಿನೇಳನೆಯ ಶತಮಾನದಲ್ಲಿ ಅಖಂಡೇಶ್ವರ ಎಂಬ ಅಂಕಿತದಿಂದ ವಚನಗಳನ್ನು ಬರೆದ ಷಣ್ಮುಖ ಶಿವಯೋಗಿಗಳ ಊರು ಅದು. ಹೊರಡುವ ದಿನ ಅವರ ಮಠಕ್ಕೆ ಹೋಗಿ ಬರುವವರುಂಟು. ಆದರೆ ಅನೇಕ ಮನೆಗಳಲ್ಲಿ ಆ ದಿನದ ಮುಖ್ಯ ಯಾತ್ರೆ ಹೊಲಕ್ಕೆ. ಮುತ್ಯಾ ಬೆಳಗಿನ ಆರು ಗಂಟೆಗೆ ಕೈಯಲ್ಲಿ ಕೋಲು ಹಿಡಿದು ನಿಲ್ಲುತ್ತಾನೆ. ಮಗ, ಮೊಮ್ಮಕ್ಕಳು ಹಿಂದೆ.

ಮೇ ತಿಂಗಳ ಎರೆಹೊಲದಲ್ಲಿ ನೋಡುವುದಕ್ಕೆ ಏನೂ ಇಲ್ಲವೆಂದು ತಿಳಿದವರು ತಮ್ಮ ಕಾಲ ಕೆಳಗೆ ನೋಡಿಕೊಂಡವರಲ್ಲ. ನೆಲ ಬಿರಿದಿರುತ್ತದೆ. ಬಿರುಕೆಂದರೆ ಸಾಮಾನ್ಯದ್ದಲ್ಲ, ಮಗುವಿನ ಕೈ ಮೊಣಕೈವರೆಗೆ ಇಳಿಯುತ್ತದೆ, ಮುತ್ಯಾನ ಕೋಲು ಅರ್ಧ ಮುಳುಗುತ್ತದೆ. ಹುಡುಗನು ಜೇಬಿನ ಗೋಲಿಯೊಂದನ್ನು ಅದರೊಳಗೆ ಬಿಟ್ಟು ಕಿವಿಗೊಟ್ಟು ಕೇಳುತ್ತಾನೆ. ಸದ್ದಿಲ್ಲ. "ಮುತ್ಯಾ, ನನ್ನ ಗೋಲಿ!" ಎಂದು ಬಾಯಿ ತೆರೆಯುವ ಹುಡುಗನಿಗೆ ಮುತ್ಯಾ ಹೇಳುತ್ತಾನೆ: "ಎಲ್ಲಿ ಹೋಗಂಗಿಲ್ಲ. ನೆಲ ನುಂಗಿದ್ದು ನೆಲಾನೇ ಮ್ಯಾಲ ಹಾಕ್ತದ."

ಇದು ಮುದುಕನ ಸಮಾಧಾನದ ಮಾತಲ್ಲ. ಮಣ್ಣಿನ ಶಾಸ್ತ್ರ ಬಲ್ಲವರೂ ಅದನ್ನೇ ಹೇಳುತ್ತಾರೆ. ಕರಿಯ ಎರೆಮಣ್ಣಿನಲ್ಲಿರುವ ಜಿಗುಟು ಜೇಡಿಯು ನೀರು ಕುಡಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಕುಗ್ಗಿದಾಗ ಬಿರುಕು, ಆ ಬಿರುಕಿನೊಳಕ್ಕೆ ಮೇಲಿನ ಪುಡಿಮಣ್ಣು ಉದುರಿ ಬೀಳುತ್ತದೆ. ಮಳೆ ಬಂದು ಒಳಗಿನ ಮಣ್ಣು ಹಿಗ್ಗಿದಾಗ ಕೆಳಗಿನದು ಮೇಲಕ್ಕೆ ಒತ್ತಲ್ಪಡುತ್ತದೆ. ಹೀಗೆ ವರ್ಷವರ್ಷವೂ ನೆಲವು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಅಷ್ಟೇ ಅಲ್ಲ, ಕುಡಿದ ನೀರನ್ನು ಅದು ಬೇಗ ಬಿಟ್ಟುಕೊಡುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ, ಆ ಸೀಮೆಯ ಹೆಮ್ಮೆಯ ಮಾಲದಂಡಿ, ಆಮೇಲೆ ಮಳೆಯ ಹನಿ ಬೀಳದಿದ್ದರೂ ನೆಲದೊಳಗಿನ ಹಸಿಯನ್ನೇ ಉಂಡು, ಚಳಿಯ ಇಬ್ಬನಿಯನ್ನೇ ನೆಚ್ಚಿ ಆಳೆತ್ತರ ನಿಂತು ತೆನೆ ಹಾಯುತ್ತದೆ. ಮರುಭೂಮಿಯಂತೆ ಕಂಡ ನೆಲದ ನಿಜಸ್ಥಿತಿ ಇದು. ಮುತ್ಯಾ ಇದನ್ನು ವಿವರಿಸಲಾರ; ಆದರೆ ಬಿರುಕಿನ ಅಗಲ ನೋಡಿ ಮಳೆಗೆ ಮೊದಲು ಎಷ್ಟು ಸಲ ಕುಂಟೆ ಹೊಡೆಯಬೇಕೆಂಬುದನ್ನು ಹೇಳಬಲ್ಲ.

ಹೊಲದ ಬದುವಿನ ಬೇವಿನ ಕೆಳಗೆ ಆ ಮಾತು ಬರುತ್ತದೆ. ಒಂದು ತಿಂಗಳಿಂದ ಮಗನು ಅದನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದಾನೆ. ಕೊನೆಯ ದಿನದವರೆಗೆ ಆಡಲಾಗಲಿಲ್ಲ.

"ಅಪ್ಪಾ, ಹೊಲ ಲಾವಣಿಗಿ ಕೊಟ್ಟು, ನೀವೂ ಅವ್ವನೂ ನಮ್ಮ ಸಂಗಡ ಬಂದುಬಿಡ್ರಿ. ಅವ್ವಗ ಮೊಣಕಾಲು ಹಿಡಿದಾವ. ನೀರಿನ ಕೊಡ ಎತ್ಲಾಕ ಆಗವಲ್ದು. ಇಲ್ಲಿ ರಾತ್ರಿ ಏನಾದ್ರೂ ಆದ್ರ ಯಾರಿದ್ದಾರ?"

"ಬರ್ತೀನಿ. ಬಿತ್ತಿಗಿ ಒಂದು ಆಗ್ಲಿ."

ಹೋದ ವರ್ಷವೂ ಇದೇ ಮಾತು. ಬಿತ್ತಿಗೆ ಆದ ಮೇಲೆ ಟೆಲಿಫೋನು ಮಾಡಿದರೆ "ಕಳೆ ತೆಗೀಬೇಕು" ಎಂಬ ಉತ್ತರ. ಕಳೆ ತೆಗೆದ ಮೇಲೆ "ತೊಗರಿ ಹೂವಿಗೆ ಬಂದದ"; ಆಮೇಲೆ "ರಾಶಿ ಆಗ್ಲಿ"; ರಾಶಿ ಆಗುವ ಹೊತ್ತಿಗೆ ಜೋಳ ತೆನೆ ಬಿಟ್ಟಿರುತ್ತದೆ. ಜೋಳದ ರಾಶಿ ಮುಗಿದರೆ ಬೇಸಿಗೆ. ಬೇಸಿಗೆಯಲ್ಲಿ ಮೊಮ್ಮಕ್ಕಳೇ ಬರುತ್ತಾರಲ್ಲ, ಹೋಗುವುದೇಕೆ? ಹೀಗೆ ಹೊಲದ ಪಂಚಾಂಗದಲ್ಲಿ ಊರು ಬಿಡುವ ತಿಥಿಯೊಂದೇ ಬರೆದಿಲ್ಲ.

ಮಗನ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ವೈದ್ಯರು ಬೇಕೆಂದರೆ ಕಲಬುರಗಿಗೆ ಓಡಬೇಕು. ನಲ್ಲಿಯಲ್ಲಿ ನೀರು ಬರುವ ದಿನ ತಾಯಿಯು ಬೆಳಗಿನಿಂದ ಬಾಗಿಲಲ್ಲಿ ಕಾಯಬೇಕು. ಎಪ್ಪತ್ತು ದಾಟಿದ ಇಬ್ಬರು ಅಷ್ಟು ದೊಡ್ಡ ಮನೆಯಲ್ಲಿ ಕತ್ತಲಾಗುತ್ತಲೇ ಬಾಗಿಲಿಗೆ ಅಗುಳಿ ಹಾಕಿ ಕೂರುವುದನ್ನು ನೆನೆದರೆ ಬೆಂಗಳೂರಿನಲ್ಲಿ ಮಗನಿಗೆ ನಿದ್ರೆ ಬಾರದು. ತಂದೆಯ ಹಟದಲ್ಲಿಯೂ ಹುರುಳಿಲ್ಲವೆಂದಲ್ಲ. ಒಮ್ಮೆ ಅವನು ಬೆಂಗಳೂರಿಗೆ ಹೋಗಿ ಎರಡು ತಿಂಗಳು ಇದ್ದ. ಮೂರನೆಯ ಅಂತಸ್ತಿನ ಮನೆ. ಬೆಳಿಗ್ಗೆ ಐದಕ್ಕೆ ಎದ್ದು ಕಿಟಕಿಯಿಂದ ಮೋಡ ನೋಡುವುದು, ನೋಡಿ ಊರಿನ ನೆರೆಹೊಲದವನಿಗೆ ಟೆಲಿಫೋನು ಮಾಡಿ "ಅಲ್ಲಿ ಹ್ಯಾಂಗದ?" ಎಂದು ಕೇಳುವುದು, ಆಮೇಲೆ ಇಡೀ ದಿನ ಯಾರ ಕೆಲಸಕ್ಕೂ ಅಡ್ಡಿಯಾಗದಂತೆ ಕುರ್ಚಿಯ ಮೇಲೆ ಕೂರುವುದು. ಊರಿನಲ್ಲಿ ಹತ್ತು ಜನ ಅವನನ್ನು ಕೇಳಿ ಬಿತ್ತುತ್ತಾರೆ; ಅಲ್ಲಿ ಲಿಫ್ಟಿನ ಗುಂಡಿಯನ್ನು ಒತ್ತುವುದಕ್ಕೂ ಅವನು ಮೊಮ್ಮಗನನ್ನು ಕೇಳಬೇಕಾಯಿತು. ಮಗನ ಭಯ ತಂದೆತಾಯಿಗಳು ಕಾಯಿಲೆ ಬೀಳುವರೆಂದು. ತಂದೆಯ ಭಯ, ಬದುಕಿರುವಾಗಲೇ ಬೇಡವಾದವನಾಗುವೆನೆಂದು. ಎರಡರಲ್ಲಿ ಯಾವ ಭಯ ದೊಡ್ಡದೆಂದು ತೂಗುವ ತಕ್ಕಡಿ ಬಜಾರದಲ್ಲಿ ದೊರೆಯುವುದಿಲ್ಲ.

ಆ ದಿನ ತಂದೆಯು ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಮಾತು ಸೇರಿಸುತ್ತಾನೆ: "ನಾ ಬರೋದು ಆಮ್ಯಾಲ ನೋಡಮು. ಮೊದಲ ನೀವು ಎಳ್ಳಮಾಸಿಗಿ ಬರ್ರಿ. ಮಕ್ಕಳು ಈ ಹೊಲ ಸುಟ್ಟಿದ್ದಷ್ಟೇ ನೋಡ್ಯಾವ. ಹಸರು ನೋಡಿಲ್ಲ. ನೋಡದಿದ್ದವರು ನಾಳಿ ಇದನ್ನ ಮಾರದಂಗ ಹ್ಯಾಂಗ ಇರ್ತಾರ?"

ಮಗನಲ್ಲಿ ಇದಕ್ಕೆ ಉತ್ತರವಿಲ್ಲ. ಮಾತು ನಿಜ. ಎಳ್ಳಮಾವಾಸ್ಯೆ ಬರುವುದು ಡಿಸೆಂಬರಿನಲ್ಲೋ ಜನವರಿಯಲ್ಲೋ. ಆಗ ಈ ಸೀಮೆಯನ್ನು ನೋಡಬೇಕು. ಬಿಳಿಜೋಳ ಎದೆಯುದ್ದ ನಿಂತಿರುತ್ತದೆ. ಕಡಲೆ, ಕುಸುಬೆ ಹಬ್ಬಿರುತ್ತವೆ. ತೊಗರಿ ಕೊಯ್ಲಿಗೆ ಬಂದಿರುತ್ತದೆ. ಊರಿಗೆ ಊರೇ ಬಾಗಿಲು ಹಾಕಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆಯುತ್ತದೆ. ಸಜ್ಜೆಯ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಹತ್ತಾರು ಕಾಯಿಪಲ್ಲೆ ಕಾಳು ಕೂಡಿಸಿ ಮಾಡಿದ ಭಜ್ಜಿ. ಬನ್ನಿಯ ಮರದ ಬುಡದಲ್ಲಿ ಪೂಜೆ; ಬೆಳೆಯ ಸುತ್ತ ಚರಗ ಚೆಲ್ಲಿ, ನೆಲಕ್ಕೆ ಉಣಿಸಿದ ಮೇಲೆಯೇ ಮನುಷ್ಯರ ಊಟ. ಇನ್ನೊಂದಿಷ್ಟು ದಿನ ಕಳೆದರೆ ಎಳೆಯ ತೆನೆಯನ್ನು ಕೆಂಡದ ಮೇಲೆ ಸುಟ್ಟು ತಿಕ್ಕಿ ತಿನ್ನುವ ಸೀತನಿಯ ಕಾಲ.

ಆದರೆ ಶಾಲೆಯ ಪಂಚಾಂಗ ಬೇರೆ. ಅದು ಮಕ್ಕಳನ್ನು ಬಿಡುಗಡೆ ಮಾಡುವುದು ಏಪ್ರಿಲಿನಲ್ಲಿ, ಹೊಲದ ಕೊನೆಯ ಕಾಳೂ ಮನೆ ಸೇರಿದ ಮೇಲೆ. ಹಿಂದಕ್ಕೆ ಕರೆಸಿಕೊಳ್ಳುವುದು ಮೇ ತಿಂಗಳ ಕೊನೆಯ ವಾರದಲ್ಲಿ, ರೋಹಿಣಿ ಮಳೆಯ ಕಾಲ ಕೂಡುತ್ತಿರುವಂತೆಯೇ. ಇನ್ನು ಹತ್ತು ಹದಿನೈದು ದಿನ ಇದ್ದಿದ್ದರೆ ಮಕ್ಕಳು ಮೊದಲ ಮಳೆಗೆ ನೆಲದಿಂದೇಳುವ ವಾಸನೆಯನ್ನು ಕುಡಿಯುತ್ತಿದ್ದರು, ಬಿರುಕುಗಳು ಮುಚ್ಚಿಕೊಳ್ಳುವುದನ್ನು ನೋಡುತ್ತಿದ್ದರು, ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಬಳಿಯುತ್ತಿದ್ದರು. ನಾಟಕದ ತೆರೆ ಏಳುವ ಗಂಟೆ ಬಾರಿಸಿದಾಗಲೇ ಸಭಿಕರನ್ನು ಎಬ್ಬಿಸಿ ಮನೆಗೆ ಕಳುಹಿಸಿದಂತೆ ಇದು. ವರ್ಷವರ್ಷವೂ ಖಾಲಿಯಾದ ರಂಗವನ್ನೇ ನೋಡಿದ ಮಗು ಅದನ್ನು ಮರುಭೂಮಿಯೆಂದರೆ, ತಪ್ಪು ಮಗುವಿನದಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಮನೆಯ ಅಧಿಕಾರವೆಲ್ಲ ಆಯಿಯ ಕೈಗೆ ಹೋಗುತ್ತದೆ. ಪಡಸಾಲೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಗಂಟುಗಳ ಸಾಲು. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಖಡಕ್ ರೊಟ್ಟಿ, ನೂರಕ್ಕೆ ಕಡಿಮೆಯಿಲ್ಲ, ಶೇಂಗಾದ ಹಿಂಡಿ, ಅಗಸಿಯ ಹಿಂಡಿ, ಗುರೆಳ್ಳಿನ ಹಿಂಡಿ, ಕೆಂಪುಖಾರದ ಡಬ್ಬಿ, ಮಾಳಿಗೆಯ ಮೇಲೆ ಒಣಗಿದ ಶಾವಿಗೆ, ಸಂಡಿಗೆ, ಮಾವಿನ ಉಪ್ಪಿನಕಾಯಿಯ ಬರಣಿ. ಮೊಣಕಾಲು ನೋವಿನವಳು ಇಷ್ಟೆಲ್ಲವನ್ನೂ ಯಾವಾಗ ಮಾಡಿದಳೆಂಬುದು ಯಾರಿಗೂ ತಿಳಿಯದು.

"ಅತ್ತೀ, ಇಷ್ಟು ಭಾರ ಎಲ್ಲಿ ಒಯ್ಯೋಣ? ಅಲ್ಲಿ ಎಲ್ಲಾ ಸಿಗ್ತದ," ಎಂದು ಸೊಸೆ ಹೇಳುತ್ತಾಳೆ.

"ಸಿಗ್ತದ ಯವ್ವಾ, ಯಾಕ ಸಿಗಂಗಿಲ್ಲ? ಆದ್ರ ನಾ ಮಾಡಿದ್ದು ಸಿಗ್ತದೇನು?"

ಸೊಸೆಯು ಮರುಮಾತಾಡದೆ ಚೀಲದಿಂದ ಎರಡು ಜೊತೆ ಬಟ್ಟೆಯನ್ನು ತೆಗೆದಿಟ್ಟು ಬರಣಿಗೆ ಸ್ಥಳ ಮಾಡುತ್ತಾಳೆ. ಅತ್ತೆ ಸೊಸೆಯರ ನಡುವೆ ಆ ತಿಂಗಳಲ್ಲಿ ನಡೆದ ಅತಿ ದೊಡ್ಡ ಸಂಧಾನ ಇದೆಂದು ಹೇಳಬಹುದು. ಗಂಡನು ಹೊಲದಲ್ಲಿ ಕೇಳಿ ಸೋತ ಪ್ರಶ್ನೆಯನ್ನು ಅವಳೂ ಅಡುಗೆಮನೆಯಲ್ಲಿ ಕೇಳಿ ನೋಡುತ್ತಾಳೆ. ಆಯಿ ಹಾಗೆ ಸುತ್ತಿ ಬಳಸಿ ಉತ್ತರ ಕೊಡುವವಳಲ್ಲ. "ನನಗ ಬರೋ ಮನಸ್ಸದ. ಆದ್ರ ಅವರನ್ನ ಒಬ್ಬರನ್ನೇ ಬಿಟ್ಟು ಹ್ಯಾಂಗ ಬರ್ಲಿ?" ಎಂದು ಗಂಟಿನ ಕೊನೆಯ ಸುತ್ತನ್ನು ಬಿಗಿಯುತ್ತಾಳೆ.

ಬಸ್ಸಿನ ಹೊತ್ತು. "ಹೋಗ್ತೀವಿ" ಎಂದು ಯಾರಾದರೂ ಬಾಯಿತಪ್ಪಿ ಆಡಿದರೆ ಆಯಿ ಗದರಿಸುತ್ತಾಳೆ: "ಹೋಗಿ ಬರ್ತೀವಿ ಅನ್ರಿ." ಮಕ್ಕಳ ಕೈಯಲ್ಲಿ ಮುದುರಿದ ನೋಟುಗಳು ಸೇರುತ್ತವೆ, ಸೊಸೆಗೆ ಕುಂಕುಮ, ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು. ಮುತ್ಯಾನ ಕಣ್ಣು ಮಾತ್ರ ಬಸ್ಸಿನ ಗಾಲಿಯ ಮೇಲೆ. ಗಾಲಿಯಲ್ಲಿ ಗಾಳಿ ಸಾಕಷ್ಟಿದೆಯೇ ಎಂದು ಚಾಲಕನನ್ನು ಎರಡು ಸಲ ಕೇಳಿದ್ದಾನೆ. ಗಂಡಸರು ದುಃಖವನ್ನು ಇಂಥ ವಿಚಾರಣೆಗಳ ಹಿಂದೆ ಅಡಗಿಸುವುದು ಲೋಕರೂಢಿ.

ಮೂರು ದಾರಿಗಳು ಸಂಜೆಗೆ ಕಲಬುರಗಿಯ ರೈಲು ನಿಲ್ದಾಣದಲ್ಲಿ ಕೂಡುತ್ತವೆ. ಆಳಂದದ ಬೇಳೆಯ ಚೀಲ, ಗಾಣಗಾಪುರದ ಪ್ರಸಾದದ ಪೊಟ್ಟಣ, ಜೇವರ್ಗಿಯ ರೊಟ್ಟಿಯ ಗಂಟು ಒಂದೇ ಬೆಂಚಿನ ಮೇಲೆ ಪರಸ್ಪರ ಪರಿಚಯವಿಲ್ಲದೆ ಕುಳಿತಿರುತ್ತವೆ. ಅವರು ಕಾಯುವ ಉದ್ಯಾನ್ ಎಕ್ಸ್‌ಪ್ರೆಸ್ ಮುಂಬಯಿಯಿಂದ ಪುಣೆ, ಸೊಲ್ಲಾಪುರಗಳ ಮೇಲೆ ಹಾಯ್ದು ಬರುತ್ತದೆ. ಮಕ್ಕಳ ಲಕ್ಷ್ಯವೆಲ್ಲ ಹತ್ತುವುದರ ಕಡೆಗೆ. ಆದರೆ ಆ ಗಾಡಿಯಿಂದ ಇಳಿಯುವವರನ್ನೂ ಒಮ್ಮೆ ನೋಡಬೇಕು.

ಬಾಗಿಲ ಬಳಿ ನೂಕುನುಗ್ಗಲು. ತಲೆಯ ಮೇಲೆ ಹಾಸಿಗೆಯ ಸುರುಳಿ, ಕಂಕುಳಲ್ಲಿ ಮಗು, ಕೈಯಲ್ಲಿ ಅಲ್ಯೂಮಿನಿಯಂ ಪಾತ್ರೆಗಳನ್ನು ತುಂಬಿದ ಪ್ಲಾಸ್ಟಿಕ್ ಬಕೀಟು. ಸುಗ್ಗಿ ಮುಗಿದ ಮೇಲೆ ಮುಂಬಯಿಗೋ ಪುಣೆಗೋ ಗುಳೆ ಹೋಗಿ, ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತು, ತಗಡಿನ ಗುಡಿಸಲಲ್ಲಿ ಬೇಸಿಗೆ ಕಳೆದವರು. ಮುಂಗಾರು ಬಿತ್ತಿಗೆಗೆ ಊರು ಸೇರುವ ಆತುರ ಅವರಿಗೆ. ಎರಡು ಎಕರೆಯೋ ಮೂರು ಎಕರೆಯೋ ಇರುವ ತುಂಡು ಹೊಲ; ಅದೂ ಇಲ್ಲದವರಿಗೆ ಇತರರ ಹೊಲದ ಕೂಲಿ. ಬೆಂಗಳೂರಿನ ಮಕ್ಕಳು ಯಾವ ನೆಲವನ್ನು ಬಿಟ್ಟು ಹೊರಟಿದ್ದಾರೋ ಅದೇ ನೆಲವನ್ನು ಹುಡುಕಿಕೊಂಡು ಈ ಮಕ್ಕಳು ಇಳಿದಿದ್ದಾರೆ. ಒಂದು ಗುಂಪಿನ ರಜೆ ಮುಗಿದ ದಿನವೇ ಇನ್ನೊಂದು ಗುಂಪಿಗೆ ಮನೆ. ಅದನ್ನು ರಜೆಯೆಂದು ಅವರು ಕರೆಯುವುದಿಲ್ಲ; ಕರೆಯುವ ಅನುಕೂಲ ಅವರಿಗಿಲ್ಲ.

ಹತ್ತುವ ಹುಡುಗನೂ ಇಳಿಯುವ ಹುಡುಗನೂ ಬಾಗಿಲಲ್ಲಿ ಒಂದು ಕ್ಷಣ ಮುಖಾಮುಖಿಯಾಗುತ್ತಾರೆ. ವಯಸ್ಸು ಒಂದೇ ಇರಬಹುದು. ಇಳಿಯುವವನು ಕೇಳುತ್ತಾನೆ: "ಮಳಿ ಬಂತೇನು?"

ಹತ್ತುವವನಿಗೆ ಆ ಪ್ರಶ್ನೆಯ ತೂಕ ತಿಳಿಯದು. ಆದರೆ ಬೆಳಿಗ್ಗೆ ಬದುವಿನ ಮೇಲೆ ಕೇಳಿಸಿಕೊಂಡುದು ನೆನಪಿದೆ. "ಇನ್ನಾ ಇಲ್ಲ. ಬರ್ತದಂತ, ನಮ್ಮ ಮುತ್ಯಾ ಹೇಳ್ಯಾನ," ಎನ್ನುತ್ತಾನೆ. ಒಂದು ತಿಂಗಳಲ್ಲಿ ಅವನ ಮಾತಿನ ಧಾಟಿಯೂ ಆ ಸೀಮೆಯದಾಗಿದೆ. ಬೆಂಗಳೂರಿನ ಶಾಲೆಯಲ್ಲಿ ಅದು ಹೆಚ್ಚೆಂದರೆ ಒಂದು ವಾರ ಉಳಿದೀತು.

ಗಾಡಿ ಹೊರಟು, ದೀಪಗಳು ಹಿಂದೆ ಸರಿದು, ಊಟದ ಗಂಟು ಬಿಚ್ಚುವ ಹೊತ್ತಿಗೆ ತಂದೆಯು ಟೆಲಿಫೋನು ತೆಗೆದು ಕ್ಯಾಲೆಂಡರಿನ ಪುಟಗಳನ್ನು ಸರಿಸುತ್ತ ಡಿಸೆಂಬರಿನವರೆಗೆ ಹೋಗುತ್ತಾನೆ. ಹೆಂಡತಿಯು ಅವನ ಭುಜದ ಮೇಲಿನಿಂದ ನೋಡಿ, "ಮಕ್ಕಳಿಗೆ ಶಾಲೆಯಿರುತ್ತದಲ್ಲ?" ಎಂದು ಕೇಳುತ್ತಾಳೆ. "ನಾಲ್ಕು ದಿನ ತಪ್ಪಿದರೆ ಮುಳುಗಿಹೋಗುವುದೇನು?" ಎಂದು ಅವನು. ಅವಳು ಬೇಡವೆನ್ನುವುದಿಲ್ಲ. ರೊಟ್ಟಿಯೊಂದನ್ನು ಮುರಿದು, ಮೇಲೆ ಹಿಂ​ಡಿ ಉದುರಿಸಿ ಅವನ ಕೈಗೆ ಕೊಡುತ್ತಾಳೆ. ಎದುರಿನ ಆಸನದ ಅಪರಿಚಿತ ಸಂಸಾರವೂ ತಮ್ಮ ಗಂಟನ್ನು ಬಿಚ್ಚುತ್ತದೆ. ಅದರಲ್ಲಿಯೂ ಅದೇ ರೊಟ್ಟಿ, ಅದೇ ಹಿಂಡಿ. ಯಾವ ಊರೆಂದು ಕೇಳುವ ಮೊದಲೇ ಊರು ತಿಳಿದುಹೋಗುತ್ತದೆ.